ಕಪ್ಪೆ ಜಿಗಿತಕ್ಕೆ ಹೊಡೆದ ಗಂಟೆ

ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಗಂಗಾಧರಯ್ಯನವರು ಹೇಳಿದರೆಂದರೆ ಮುಗಿಯಿತು, ಅದಕ್ಕೆ ಎರಡನೆಯ ಮಾತಿಲ್ಲ. ಮಾತೂ ಕಡಿಮೆಯೇ. ಶನಿವಾರ ಸಂಜೆಯ ಕಾವ್ಯವಾಚನಕ್ಕೆ ಎಲ್ಲರಿಗಿಂತ ಮೊದಲು ಬಂದು, ಕಣ್ಣು ಮುಚ್ಚಿ ಕೇಳಿ, ಮಂಗಳದ ಪದ್ಯಕ್ಕೆ ಕೈಮುಗಿದು ಎದ್ದು ಹೋಗುವವರು. ಶಾಲೆ ಮಕ್ಕಳ ಪದ್ಯ ಹೇಳುವ ಸ್ಪರ್ಧೆಗೆ ಇಪ್ಪತ್ತು ವರ್ಷದಿಂದ ಅವರೇ ತೀರ್ಪುಗಾರರು. ಕವಿ ಬರೆಯದ ಒಂದಕ್ಷರ ಮಗುವಿನ ಬಾಯಿಂದ ಜಾರಿದರೂ ಮೇಜಿನ ಮೇಲಿನ ಗಂಟೆ ಟಣ್ಣೆನ್ನುತ್ತಿತ್ತು. ಡಾಕ್ಟರ ಮಗನಾದರೂ ಅಷ್ಟೇ, ಹೂವು ಮಾರುವವಳ ಮಗಳಾದರೂ ಅಷ್ಟೇ.

ಅದಕ್ಕೇ ಅವರ ತಂಗಿಯ ಮಗ ಶಶಿಕಿರಣ್, ತನ್ನ ಕಂಪ್ಯೂಟರ್ ಅಂಗಡಿಯ ಪರವಾಗಿ ವಿಡಿಯೋ ಗೇಮ್ ಪಂದ್ಯ ಇಟ್ಟಾಗ ನೇರವಾಗಿ ಇವರ ಹತ್ತಿರ ಬಂದ.

"ಮಾವ, ನೀವು ಜಡ್ಜ್ ಆಗ್ಬೇಕು."

"ನಂಗೆ ಆ ಆಟದ ತಲೆಬುಡ ಗೊತ್ತಿಲ್ವಲ್ಲೋ."

"ಯಾರು ಮೊದ್ಲು ಗೆರೆ ದಾಟ್ತಾರೆ ಅಂತ ಪರದೆ ಮೇಲೇ ಕಾಣ್ಸುತ್ತೆ. ನೀವು ಸುಮ್ನೆ ಕೂತಿದ್ರೆ ಸಾಕು, ಗಲಾಟೆ ಆಗಲ್ಲ. ಹೋದ್ಸಲ ಎಂಟು ಕುರ್ಚಿ ಮುರುದ್ರು."

ಗಂಗಾಧರಯ್ಯನವರು ಒಪ್ಪಿದರು. ಶನಿವಾರ ಬೆಳಿಗ್ಗೆ ಸಮುದಾಯ ಭವನಕ್ಕೆ ಹೊರಟಾಗ ಅಭ್ಯಾಸಬಲದಿಂದ ಗಂಟೆಯನ್ನೂ ಚೀಲಕ್ಕೆ ಹಾಕಿಕೊಂಡರು.

ಅದು ಬೆಟ್ಟದ ದಾರಿಯಲ್ಲಿ ಕಾರು ಓಡಿಸುವ ಆಟ. ಇಬ್ಬರಿಬ್ಬರೇ ಆಡಬೇಕು, ಸೋತವರು ಎದ್ದು ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಉಳಿದರು. ಒಬ್ಬ ದಿಲೀಪ, ತೆಂಗಿನಕಾಯಿ ಮಂಡಿ ಕಾಂತರಾಜು ಅವರ ಮಗ. ಇನ್ನೊಬ್ಬಳು ಕಟ್ಟಾಯ ಹಳ್ಳಿಯಿಂದ ಅಜ್ಜಿ ಲಕ್ಕಮ್ಮನ ಜೊತೆ ಬಂದಿದ್ದ ಕಾಲೇಜು ಹುಡುಗಿ ಭವ್ಯಶ್ರೀ. ಗೆದ್ದವರಿಗೆ ಭಾನುವಾರ ಸಂಜೆ ಬಹುಮಾನದ ಕಪ್ಪು, ಆಮೇಲೆ ಮೈಸೂರಿನ ದೊಡ್ಡ ಪಂದ್ಯದಲ್ಲಿ ಆಡುವ ಅವಕಾಶ.

ಆಟ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಭವ್ಯಶ್ರೀಯ ಕಾರು ತಿರುವಿನ ಅಂಚುಗಲ್ಲಿಗೆ ಚಕ್ರ ತಾಗಿಸಿ ಚಂಗನೆ ನೆಗೆಯಿತು. ಎಲ್ಲ ಕಾರುಗಳೂ ನಿಧಾನವಾಗಲೇಬೇಕಾದ ಜಾಗದಲ್ಲಿ ಅದು ಗಾಳಿಯಲ್ಲಿ ತೇಲಿ ಆಚೆಗಿಳಿಯಿತು. ಮುಂದಿನ ತಿರುವಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ದಿಲೀಪ ಹಿಂದೆ ಬಿದ್ದ. ಹುಡುಗಿ ಗೆರೆ ದಾಟುತ್ತಿದ್ದಂತೆ ಕಾಂತರಾಜು ಎದ್ದು ನಿಂತರು.

"ಇದೇನ್ ಸಾ ಇದು? ಕಾರು ಕಪ್ಪೆ ಎಗರ್ದಂಗೆ ಎಗರ್ತದಲ್ಲಾ! ಗೇಮ್ ಮಾಡ್ದೋನು ಎಗರ್ಲಿ ಅಂತ ಮಾಡವ್ನಾ? ನಿಮ್ಮಳಿಯನ್ನೇ ಕೇಳಿ."

ಗಂಗಾಧರಯ್ಯನವರು ಶಶಿಕಿರಣನ ಕಡೆ ನೋಡಿದರು.

"ಮಾಡಿದೋರು ಬೇಕಂತ ಇಟ್ಟಿದ್ದಲ್ಲ ಮಾವ, ಅವ್ರ ಕಣ್ತಪ್ಪಿ ಉಳ್ಕೊಂಡಿರೋದು. ಆಡೋರೇ ಕಂಡ್ಹಿಡ್ಕೊಂಡಿದ್ದು. ಆದ್ರೆ..."

ಗಂಟೆ ಟಣ್ಣೆಂದಿತು. ಗಂಗಾಧರಯ್ಯನವರು ಮೈಕು ಕೈಗೆ ತೆಗೆದುಕೊಂಡು, ಮಕ್ಕಳ ಸ್ಪರ್ಧೆಯಲ್ಲಿ ಹೇಳುವ ಅದೇ ತಣ್ಣನೆಯ ದನಿಯಲ್ಲಿ ಹೇಳಿದರು: "ಮಾಡಿದವನು ಇಡದಿದ್ದನ್ನು ಆಡುವವರು ಸೇರಿಸಿದರೆ ಅದು ಮೋಸ. ಕಟ್ಟಾಯದ ಭವ್ಯಶ್ರೀ ಮೋಸದಿಂದ ಗೆದ್ದಿದ್ದಾಳೆ. ಗೆಲುವು ದಿಲೀಪನದು."

ಹುಡುಗಿ ಕೈಯಲ್ಲಿದ್ದ ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಹಿಂಗ್ ಆಡ್ಬಾರ್ದು ಅನ್ನಂಗಿದ್ರೆ ಆಟಕ್ ಮುಂಚೆ ಹೇಳ್ಬೇಕಿತ್ತು ಸಾ" ಎಂದಳು, ಅಷ್ಟೇ. ಹಿಂದಿನ ಸಾಲಿನಿಂದ ಯಾರೋ "ವಟರ್ ವಟರ್" ಎಂದು ಕೂಗಿದರು. ಇಡೀ ಭವನ ನಕ್ಕಿತು. ಲಕ್ಕಮ್ಮ ಚೀಲ ಎತ್ತಿಕೊಂಡು, "ಏಳು ಮಗ" ಎಂದು ಮೊಮ್ಮಗಳ ಕೈ ಹಿಡಿದು ಹೊರಟರು.

ಅದೇ ಸಂಜೆ ಎಂದಿನಂತೆ ವಾಚನವಿತ್ತು. ಅದು ನಡೆಯುತ್ತಿದ್ದುದು ಕಾಂತರಾಜು ಅವರ ಮಂಡಿಯ ಮೇಲಿನ ಕೋಣೆಯಲ್ಲಿ. ಹನ್ನೊಂದು ವರ್ಷದಿಂದ ಅವರು ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದ ಕೋಣೆ. ಗಂಗಾಧರಯ್ಯನವರು ತಮ್ಮ ಜಾಗದಲ್ಲಿ ಕೂತು ಕಣ್ಣು ಮುಚ್ಚಿದರು. ವಾಚಕರು ತಾಯಿಯೊಬ್ಬಳು ಮಗನನ್ನು ಕರೆಯುವ ಷಟ್ಪದಿಗೆ ಬಂದು, 'ಮಗನೆ' ಎಂಬ ಒಂದೇ ಮಾತನ್ನು ಎತ್ತಿ, ತಗ್ಗಿಸಿ, ಎಲ್ಲಿಗೋ ಒಯ್ದು ತಿರುಗಿ ತಂದು ನಿಲ್ಲಿಸಿದರು. ಕೇಳುತ್ತಿದ್ದವರೆಲ್ಲ ಆಹಾ ಎಂದರು. ಗಂಗಾಧರಯ್ಯನವರೂ ಎಂದರು. ಎಂದವರು ಥಟ್ಟನೆ ಕಣ್ಣು ಬಿಟ್ಟರು.

ಕವಿ ಬರೆದದ್ದು ಅಕ್ಷರವನ್ನು. ಈ ಎಳೆತ, ಈ ರಾಗ, ಈ ನಿಲುಗಡೆ ಯಾವ ಪುಟದಲ್ಲಿದೆ? ವಾಚಕರು ಒಂದಕ್ಷರ ಸೇರಿಸಲಿಲ್ಲ. ಇದ್ದ ಅಕ್ಷರದೊಳಗೇ ಕವಿ ಕಾಣದ ದಾರಿ ಕಂಡರು. ಇದಕ್ಕೆ ತಾವು ಎಂದಾದರೂ ಗಂಟೆ ಹೊಡೆದದ್ದುಂಟೇ? ಆ ಹುಡುಗಿಯೂ ಆಟಕ್ಕೆ ಹೊರಗಿನಿಂದ ಏನನ್ನೂ ತಂದು ಸೇರಿಸಿರಲಿಲ್ಲ. ಎಲ್ಲರ ಕೈಯಲ್ಲಿದ್ದ ಗುಂಡಿಗಳೇ ಅವಳ ಕೈಯಲ್ಲೂ ಇದ್ದದ್ದು.

ವಾಚನ ಮುಗಿದು ಅವರು ಮೆಟ್ಟಿಲಿಳಿಯುವಾಗ ಕೆಳಗೆ ಶಶಿಕಿರಣ್ ಕಾಯುತ್ತಿದ್ದ.

"ಮಾವ, ಬೇಜಾರ್ ಮಾಡ್ಕೋಬೇಡಿ. ಬೆಳಿಗ್ಗೆ ಮೊದಲ್ನೇ ಸುತ್ತಲ್ಲಿ ದಿಲೀಪನ ಕಾರೂ ಎರಡ್ ಸಲ ಎಗರ್ತು. ನೀವೇ ಭಲೆ ಅಂತ ಚಪ್ಪಾಳೆ ತಟ್ಟುದ್ರಿ. ಅದನ್ನ ಎಲ್ರೂ ಕಲಿಯೋಕ್ ನೋಡ್ತಾರೆ, ಕೈಗೆ ಹತ್ತಲ್ಲ. ಅವಳಿಗೆ ಹತ್ತಿದೆ."

"ಆಗಲೇ ಯಾಕೋ ಹೇಳ್ಲಿಲ್ಲ?"

"ಹೇಳ್ತಿದ್ದೆ. 'ಆದ್ರೆ' ಅಂದೆ. ನೀವು ಗಂಟೆ ಹೊಡುದ್ಬುಟ್ರಿ."

ಗಂಗಾಧರಯ್ಯನವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಜಪಕ್ಕೆ ಕೂತರೆ ಮಣಿ ಲೆಕ್ಕ ತಪ್ಪಿತು.

ಭಾನುವಾರ ಬೆಳಿಗ್ಗೆ ಹಾಸನಕ್ಕೊಂದು, ಅಲ್ಲಿಂದ ಕಟ್ಟಾಯಕ್ಕೊಂದು ಬಸ್ಸು ಹಿಡಿದು, ಒಂದು ಚಿಪ್ಪು ಬಾಳೆಹಣ್ಣಿನೊಂದಿಗೆ ಲಕ್ಕಮ್ಮನ ಮನೆ ಮುಂದೆ ನಿಂತರು. ಲಕ್ಕಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಓ, ಗಂಟೆ ಒಡ್ದೋರು! ಬನ್ನಿ ಸಾಮಿ, ಕುಂತ್ಕಳಿ."

"ನನ್ನಿಂದ ತಪ್ಪಾಯ್ತಮ್ಮ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

"ನಂಗೇನ್ ಗೊತ್ತಾದದು ಆ ಆಟ! ನನ್ ಕಣ್ಗೆ ಬರೀ ಬೆಳಕು ಓಡಾಡ್ತದೆ. ನೆನ್ನೆ ಬಸ್ಸಲ್ಲಿ ಐಕ್ಳು ಊರು ಬರಗಂಟ ವಟರ್ ವಟರ್ ಅಂತ ಇವಳ್ನ ರೇಗುಸ್ಕಂಡ್ ಬಂದ್ವು. ಬೆಳಿಗ್ಗೆ ಡೈರಿಗೆ ಆಲು ತಕ್ಕಂಡ್ ಓದ್ರೆ, 'ನಿಮ್ಮುಡ್ಗಿ ಮೋಸ ಮಾಡ್ದಳಂತಲ್ಲ ಲಕ್ಕಮ್ಮ' ಅಂತಾರೆ. ಮೈಕಲ್ಲಿ ಅಂದಿದ್ದು ಕಟ್ಟಾಯಕ್ ಬಂತು. ನೀವು ಜಗಲಿ ಮ್ಯಾಲೆ ತಪ್ಪಾಯ್ತು ಅಂದ್ರೆ ಅದು ಆ ಬೀದಿ ಮೂಲೆಗೂ ಓಗಕಿಲ್ಲ ಕಣ್ ಸಾಮಿ."

ಗಂಗಾಧರಯ್ಯನವರು ತಲೆ ತಗ್ಗಿಸಿದರು. ಜಗಲಿಯಲ್ಲೇ ಮುಗಿದರೆ ಸಾಕು ಎಂದುಕೊಂಡೇ ಅವರು ಇಷ್ಟು ದೂರ ಬಂದದ್ದು. ಆ ಮುದುಕಿಗೆ ಅದು ಹೇಗೆ ತಿಳಿಯಿತೋ!

ಭವ್ಯಶ್ರೀ ಬಾಗಿಲಲ್ಲಿ ಬಂದು ನಿಂತಳು. ಗಂಗಾಧರಯ್ಯನವರು, "ಆ ಜಿಗಿತ ಒಂದ್ಸಲ ತೋರಿಸ್ತೀಯಾ ತಾಯಿ?" ಎಂದರು. ಅವಳು ಒಳಗೆ ಹೋಗಿ ಟಿವಿ ಹಚ್ಚಿದಳು. ಮೊದಲ ತಿರುವಿನಲ್ಲಿ ಕಾರು ಕಲ್ಲಿಗೆ ಬಡಿದು ಮಗುಚಿತು. ಎರಡನೆಯದರಲ್ಲಿ ನೆಗೆಯಿತು. ಗಂಗಾಧರಯ್ಯನವರಿಗೆ ಪರದೆ ನೋಡಿ ಏನೂ ತಿಳಿಯಲಿಲ್ಲ, ಕಣ್ಣು ಮುಚ್ಚಿದರು. ಆಗ ಕೇಳಿಸಿತು. ಅವಳ ಹೆಬ್ಬೆರಳುಗಳ ಕೆಳಗೆ ಗುಂಡಿಗಳು ಟಕ್ ಟಕ ಟಕ್ ಎನ್ನುತ್ತಿದ್ದವು. ನಡುವೆ ಅರೆಮಾತ್ರೆಯಷ್ಟು ಬಿಡುವು. ಆ ಬಿಡುವು ಸರಿಯಾಗಿ ಬಿದ್ದಾಗ ಕಾರು ಮೇಲೇಳುತ್ತಿತ್ತು, ಕೂದಲೆಳೆಯಷ್ಟು ತಪ್ಪಿದರೆ ಮಗುಚುತ್ತಿತ್ತು.

"ಎಷ್ಟು ದಿನ ಹಿಡೀತು?"

"ಎಂಟು ತಿಂಗ್ಳು ಸಾ. ಮೊದ್ಲೆರಡು ತಿಂಗ್ಳು ಒಂದೂ ಬರ್ಲಿಲ್ಲ."

"ಸಂಜೆ ಬರ್ಬೇಕು ನೀನು. ಮೈಕಿನಲ್ಲೇ ಹೇಳ್ತೀನಿ."

"ನಾನ್ ಬರಲ್ಲ."

"ಬತ್ತೀವಿ," ಎಂದರು ಲಕ್ಕಮ್ಮ ಹೊರಗಿನಿಂದ. "ಬರ್ದೆ ಏನು, ನಾವೇನ್ ಕದ್ದಿದ್ದೀವಾ?"

ಸಂಜೆ ಭವನ ತುಂಬಿತ್ತು. ಮೊದಲ ಸಾಲಿನಲ್ಲಿ ಕಾಂತರಾಜು ಬಿಳಿ ಅಂಗಿ ತೊಟ್ಟು ಮಗನ ಪಕ್ಕ ಕೂತಿದ್ದರು. ಗಂಗಾಧರಯ್ಯನವರು ಮೈಕು ಹಿಡಿದರು.

"ನಿನ್ನೆ ನಾನು ಆಟ ತಿಳಿಯದೆ ತೀರ್ಪು ಕೊಟ್ಟೆ. ಭವ್ಯಶ್ರೀ ಮೋಸ ಮಾಡಿಲ್ಲ. ಮಾಡಿದವನು ಕಾಣದ್ದನ್ನು ಆಡುವವಳು ಕಂಡಳು, ಎಂಟು ತಿಂಗಳು ದುಡಿದು ಕಂಡಳು. ಕಪ್ಪು ಅವಳದು. ನನ್ನ ಅಜ್ಞಾನವನ್ನು ಕ್ಷಮಿಸಬೇಕು."

ಚಪ್ಪಾಳೆ ಬಿತ್ತು. "ದೊಡ್ಡೋರು ಅಂದ್ರೆ ಇವ್ರಪ್ಪ!" ಎಂದು ಯಾರೋ ಕೂಗಿದರು. ಆ ಚಪ್ಪಾಳೆ ಗಂಗಾಧರಯ್ಯನವರಿಗೆ ಹಿತವಾಗಿ ಕೇಳಿಸಿತು. ಹಿತವಾಗಿ ಕೇಳಿಸಿತಲ್ಲ ಎಂದು ಒಳಗೊಳಗೇ ಮನಸ್ಸು ಅಳುಕಿತು. ಅಷ್ಟರಲ್ಲಿ ಭವ್ಯಶ್ರೀ ಎದ್ದು ನಿಂತಳು.

"ಆಟ ತಿಳೀದೆ ಅಂದ್ರಿ ಸಾ. ನೆನ್ನೆ ಬೆಳಿಗ್ಗೆ ದಿಲೀಪಂದು ಎಗರ್ದಾಗ ಭಲೆ ಅಂದ್ರಲ್ಲ, ಆಗ ತಿಳಿದಿತ್ತಾ?"

ಚಪ್ಪಾಳೆ ನಿಂತಿತು. ಇಪ್ಪತ್ತು ವರ್ಷ ಮಕ್ಕಳ ತಪ್ಪು ಹಿಡಿದವರಿಗೆ, ತಮ್ಮ ತಪ್ಪನ್ನು ಒಂದು ಮಗು ಅಕ್ಷರ ಬಿಡದೆ ಹಿಡಿದಂತಾಯಿತು. ಅಜ್ಞಾನ ಎನ್ನುವುದು ಹೇಳಿಕೊಳ್ಳಲು ಸುಲಭದ ತಪ್ಪು. ಅದರ ಹಿಂದೆ ಇನ್ನೊಂದಿತ್ತು. ನಿನ್ನೆಯಿಂದ ಅವರು ಅದರ ಕಡೆ ಮುಖ ತಿರುಗಿಸಿಯೇ ಇರಲಿಲ್ಲ.

"ಇಲ್ಲ," ಎಂದರು. "ಎರಡು ಸಲವೂ ತಿಳಿದಿರಲಿಲ್ಲ. ಆಟದ ಕೊನೆಗೆ ಕಾಂತರಾಜು ಎದ್ದು ನಿಂತರು. ನಮ್ಮ ವಾಚನ ನಡೆಯೋದು ಅವರ ಕೋಣೆಯಲ್ಲಿ. ಅವರಿಗೆ ಬೇಜಾರಾದರೆ ಕೋಣೆ ತಪ್ಪೀತು ಅಂತ ನಂಗೆ ಹೆದರಿಕೆ ಆಯ್ತು. ಹೆದರಿಕೆಯಿಂದ ಗಂಟೆ ಹೊಡೆದು, ಅದಕ್ಕೆ ನ್ಯಾಯ ಅಂತ ಹೆಸರಿಟ್ಟೆ. ಮೋಸ ಮಾಡಿದ್ದು ನಾನು."

ಕಾಂತರಾಜು ಮೆಲ್ಲಗೆ ಎದ್ದರು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು.

"ನಾನು ಕೋಣೆ ಮಾತು ಎತ್ತಿದ್ನಾ ಸಾ? ನನ್ ಮಗ ಸೋತ, ಒಟ್ಟೆ ಉರೀತು, ಕೇಳ್ದೆ. ತಪ್ಪು ಅಂದಿದ್ರೆ ಕುಂತ್ಕತಿದ್ದೆ. ಅನ್ನೊಂದು ವರ್ಸ ನನ್ನ ಅಂಗಾ ತಿಳ್ಕಂಡಿದ್ರಿ?"

ಒಂದು ಹುಡುಗಿಯ ಹೆಸರು ತೊಳೆಯಲು ಹೋಗಿ ಇನ್ನೊಬ್ಬರ ಮುಖಕ್ಕೆ ಮಸಿ ಬಳಿದಾಗಿತ್ತು, ಅದೂ ಊರಿನ ಮುಂದೆ. ಕಾಂತರಾಜು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ದಿಲೀಪ ಮಾತ್ರ ಅಪ್ಪನ ಹಿಂದೆ ಹೋಗಲಿಲ್ಲ. ಕಪ್ಪನ್ನು ಎತ್ತಿ ತಂದು ಭವ್ಯಶ್ರೀಯ ಕೈಗಿಟ್ಟು, "ಆ ಮೂರನೇ ತಿರುವಲ್ಲಿ ಎಂಗ್ ಎಗರುಸ್ದೆ? ನಂಗಲ್ಲಿ ಮಗುಚ್ಕಳುತ್ತೆ ಕಣೆ" ಎಂದ. ಅವಳು ಕಪ್ಪನ್ನು ಅಜ್ಜಿಯ ಮಡಿಲಿಗೆ ಹಾಕಿ, ಅವನ ರಿಮೋಟಿನ ಮೇಲೆ ಬೆರಳಿಟ್ಟು ತೋರಿಸತೊಡಗಿದಳು. ಹುಡುಗರೆಲ್ಲ ಅವರಿಬ್ಬರ ಸುತ್ತ ಮುತ್ತಿಕೊಂಡರು. ವೇದಿಕೆಯ ಕಡೆ ಯಾರೂ ನೋಡಲಿಲ್ಲ.

ಗಂಗಾಧರಯ್ಯನವರು ಅಲ್ಲೇ ನಿಂತಿದ್ದರು. ಅವರ ಉಸಿರು ಇಡೀ ಭವನಕ್ಕೆ ಬುಸ್ ಬುಸ್ ಎಂದು ಕೇಳಿಸುತ್ತಿತ್ತು.

"ಮಾವ, ಮೈಕ್ ಆಫ್ ಮಾಡಿ," ಎಂದ ಶಶಿಕಿರಣ್ ಪಿಸುದನಿಯಲ್ಲಿ.

ಅವರು ಮೈಕನ್ನು ತಿರುಗಿಸಿ ಮುರುಗಿಸಿ ನೋಡಿದರು. ಗುಂಡಿ ಎಲ್ಲಿದೆಯೋ ಅವರಿಗೆ ಸಿಗಲಿಲ್ಲ.