ಕಾಟಪ್ಪನ ಬಸ್ಸಿಗೆ ಯಾರೂ ಹತ್ತಲಿಲ್ಲ

ಹನ್ನೊಂದೂವರೆಗೆ ಹೊಸದುರ್ಗ ಬಿಟ್ಟ ಬಸ್ಸಿನಲ್ಲಿ ಡ್ರೈವರ್ ಕಾಟಪ್ಪ, ಕಂಡಕ್ಟರ್ ಚಿತ್ರಲಿಂಗಪ್ಪ ಬಿಟ್ಟರೆ ಇದ್ದದ್ದು ಇಬ್ಬರೇ ಹೆಂಗಸರು. ಅಂದು ೧೯೭೪ರ ಜುಲೈ ೧೭, ಬುಧವಾರ. ಬೇರೆ ದಿನಗಳಲ್ಲಿ ಅದೇ ಬಸ್ಸು ಬಾಗಿಲಲ್ಲಿ ಜನ ಜೋತುಬಿದ್ದೇ ಸ್ಟ್ಯಾಂಡ್ ದಾಟುತ್ತಿತ್ತು.

ಇಬ್ಬರಲ್ಲಿ ಒಬ್ಬಳು ಕಾಟಪ್ಪನ ಹೆಂಡತಿ ಏಕಾಂತಮ್ಮ. ಇನ್ನೊಬ್ಬಳು ಚಿತ್ರದುರ್ಗದಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದ ಮುದುಕಿ ಉಚ್ಚಂಗೆಮ್ಮ. ಏಕಾಂತಮ್ಮ ಗಂಡನ ಹಿಂದಿನ ಸೀಟಿನಲ್ಲೇ ಕುಳಿತಿದ್ದಳು. ಅವನಿಗೆ ಸಿಟ್ಟು ಬರದಂತೆ ಕಾಯುವುದೇ ಅವಳ ಅಂದಿನ ಕೆಲಸ.

ಕಾಟಪ್ಪ ಅಂದು ಮೂರು ಗಂಟೆಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿರಬೇಕಿತ್ತು. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅವನು ಗಾಡಿ ಓಡಿಸಿ ತೋರಿಸಿ ಪಾಸಾಗಿದ್ದ. ಕಣ್ಣು, ಕಿವಿ ಎಲ್ಲ ಸರಿ ಇತ್ತು. ಬಿ.ಪಿ. ಮಾತ್ರ ಮೇಲಿತ್ತು. "ಮೂರು ವಾರ ಬಿಟ್ಟು ಬಾ, ಇನ್ನೊಮ್ಮೆ ನೋಡ್ತೀನಿ. ಆಗಲೂ ಹೀಗೇ ಇದ್ದರೆ ಅನ್‌ಫಿಟ್ ಅಂತ ಬರೀಬೇಕಾಗುತ್ತೆ" ಎಂದಿದ್ದರು ಡಾಕ್ಟರು. ಮುಂದಿನ ತಿಂಗಳು ಅವನಿಗೆ ಮೂವತ್ತೈದು ತುಂಬುತ್ತಿತ್ತು. ಆಮೇಲೆ ಆ ಕೆಲಸಕ್ಕೆ ಅರ್ಜಿ ಹಾಕುವಂತಿರಲಿಲ್ಲ.

ಆ ಮೂರು ವಾರ ಬಾಗೂರಿನ ಅವನ ಮನೆಯಲ್ಲಿ ಅಡುಗೆಗೆ ಉಪ್ಪು ಬೀಳಲಿಲ್ಲ. ಅಪ್ಪನಿಗೊಂದು ಸಾರು, ಮಕ್ಕಳಿಗೊಂದು ಸಾರು ಮಾಡುವ ಸೌದೆ ಇಲ್ಲವೆಂದು ಏಕಾಂತಮ್ಮ ಎಲ್ಲರಿಗೂ ಸಪ್ಪೆಯನ್ನೇ ಬಡಿಸಿದಳು. ದೊಡ್ಡ ಮಗಳು ಉಪ್ಪಿನಕಾಯಿಗಾಗಿ ಪಕ್ಕದ ಮನೆಯ ರಂಗಕ್ಕನ ಹತ್ತಿರ ಹೋಗುತ್ತಿದ್ದಳು. ಕಾಟಪ್ಪನಿಗೆ ಅದು ಗೊತ್ತಿತ್ತು, ಆದರೆ ಕೇಳಲಿಲ್ಲ. ಅವನು ಮನೆ ಬಿಡುವಾಗ ಮಕ್ಕಳು ಮಲಗಿರುತ್ತಿದ್ದವು, ಬಂದಾಗಲೂ ಮಲಗಿರುತ್ತಿದ್ದವು. ಸರ್ಕಾರಿ ಕೆಲಸವಾದರೆ ವಾರಕ್ಕೊಂದು ರಜೆ. ಆ ಮನೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಅದೊಂದೇ ಮಾತು.

ಬಸ್ಸಿನ ಮಾಲೀಕ ಮುರುಗಪ್ಪ ಅಂದು ರಜೆ ಕೊಟ್ಟಿರಲಿಲ್ಲ. "ಟ್ರಿಪ್ ಮುಗಿಸ್ಕೊಂಡು ಎಲ್ಲಿಗಾದ್ರೂ ಹೋಗು" ಎಂದುಬಿಟ್ಟಿದ್ದ. ಕಾಗದದ ಪ್ರಕಾರ ಬಸ್ಸು ದುರ್ಗ ಸೇರುವುದು ಎರಡು ನಲವತ್ತಕ್ಕೆ. ಆದರೆ ಕಾಟಪ್ಪನ ಬಸ್ಸು ಕಾಗದದ ಪ್ರಕಾರ ಒಂದು ದಿನವೂ ಓಡಿರಲಿಲ್ಲ. ಅದು ಜನರಿಗೆ ಕಾಯುವ ಬಸ್ಸು. ಹೊಲದ ಬದುವಿನಲ್ಲಿ ಯಾರೋ ಟವೆಲ್ ಬೀಸಿದರೆ ನಿಲ್ಲುತ್ತಿತ್ತು. "ಸೀರೆ ಉಟ್ಕಳ್ತಾ ಅವ್ಳೆ, ಬಂದೇಬಿಟ್ಲು" ಎಂದರೆ ಎಂಜಿನ್ ಆರಿಸಿ ಕಾಯುತ್ತಿತ್ತು. ಅದು ದುರ್ಗ ಮುಟ್ಟುವಾಗ ಸಾಮಾನ್ಯವಾಗಿ ಮೂರೂವರೆ ದಾಟಿರುತ್ತಿತ್ತು.

ಹೊಸದುರ್ಗ ಬಿಟ್ಟು ಮೊದಲ ಊರಿನ ಆಲದ ಮರದ ಕೆಳಗೆ ಹದಿನೈದಿಪ್ಪತ್ತು ಜನ ನಿಂತಿದ್ದರು. ಕಾಟಪ್ಪ ಬ್ರೇಕ್ ಒತ್ತಿದ. ಒಬ್ಬರೂ ಮುಂದೆ ಬರಲಿಲ್ಲ.

"ಹತ್ರಪ್ಪ, ಬೇಗ ಬರ್ರಿ!" ಎಂದ ಚಿತ್ರಲಿಂಗಪ್ಪ.

"ನಾವು ಹತ್ತಾಕಿಲ್ಲ! ನೀನ್ಯಾಕೆ ನಿಲ್ಲಿಸ್ದೆ? ಹೋಗು, ಹೋಗು!" ಎಂದು ಗುಂಪಿನಲ್ಲಿದ್ದ ರೈತ ಎತ್ತಪ್ಪ ಎರಡೂ ಕೈ ಬೀಸಿದ. "ಚಿಕ್ಕತಿಮ್ಮಪ್ಪ ಬೆಳಿಗ್ಗೆನೇ ಹೇಳ್ಯಾನೆ. ಇವತ್ತು ಕಾಟಪ್ಪನ್ನ ಯಾರೂ ನಿಲ್ಲಿಸ್ಬ್ಯಾಡ್ರಿ ಅಂದಾನೆ."

ಚಿಕ್ಕತಿಮ್ಮಪ್ಪ ಬೆಳಗಿನ ಮೊದಲ ಬಸ್ಸಿನ ಡ್ರೈವರ್. ಏಕಾಂತಮ್ಮ ಹಿಂದಿನ ದಿನ ಅವನ ಹೆಂಡತಿಯ ಹತ್ತಿರ ಆಸ್ಪತ್ರೆಯ ವಿಷಯ ಆಡಿದ್ದಳು. ಅವನು ಹೊಳಲ್ಕೆರೆಯವರೆಗೆ ದಾರಿಯುದ್ದಕ್ಕೂ ಸಾರಿಕೊಂಡು ಹೋಗಿದ್ದ.

"ಮತ್ತೆ ನೀವೆಲ್ಲ ಹೆಂಗೆ ಹೋಗ್ತೀರಿ?" ಎಂದ ಕಾಟಪ್ಪ.

"ನಮ್ದೇನು ಪರೀಕ್ಷೆ ಐತಾ? ಮುಂದಿನ ಬಸ್ಸಿಗೆ ಹೋಗ್ತೀವಿ. ನೀ ಸಿಟ್ಟು ಮಾಡ್ಕಬ್ಯಾಡ!"

ಮುಂದಿನ ನಿಲ್ದಾಣದಲ್ಲೂ ಅದೇ ಆಯಿತು. ಆಮೇಲೆ ಕಾಟಪ್ಪ ನಿಲ್ಲಿಸುವುದನ್ನೇ ಬಿಟ್ಟ. ಜನ ರಸ್ತೆಯ ಬದಿಗೆ ಸರಿದು ನಿಂತು ಕೂಗುತ್ತಿದ್ದರು. ಒಬ್ಬ ದಾರಿಗೆ ಅಡ್ಡ ಬಂದ ಕುರಿಗಳನ್ನು ಹಳ್ಳಕ್ಕೆ ಇಳಿಸಿ ಹಿಡಿದುಕೊಂಡಿದ್ದ. ಆಷಾಢದ ಗಾಳಿ ಬಾಗಿಲಿಂದ ನುಗ್ಗಿ ಖಾಲಿ ಸೀಟುಗಳ ಮೇಲೆ ಧೂಳು ಎರಚುತ್ತಿತ್ತು. ಉಚ್ಚಂಗೆಮ್ಮ ಕಿಟಕಿಯಿಂದ ಕೈ ಆಡಿಸುತ್ತ, "ನಾನು ಹುಟ್ಟಿದ್ಮ್ಯಾಲೆ ಹಿಂಗೆ ಮೆರವಣಿಗೆ ಹೋಗಿರ್ಲಿಲ್ಲ ಕಣವ್ವ" ಎಂದಳು. ಕಾಟಪ್ಪ ನಗುತ್ತಿದ್ದ. ಚಿತ್ರಲಿಂಗಪ್ಪ ನಗಲಿಲ್ಲ. ಅವನ ಚರ್ಮದ ಚೀಲದಲ್ಲಿ ಎರಡೇ ಟಿಕೆಟ್‌ನ ಹಣವಿತ್ತು.

ಒಂದು ಗಂಟೆಗೆ ಸೇರಬೇಕಾದ ಹೊಳಲ್ಕೆರೆಯನ್ನು ಬಸ್ಸು ಹನ್ನೆರಡು ಇಪ್ಪತ್ತಕ್ಕೆ ಸೇರಿತು. ತಪ್ಪಾದದ್ದು ಅಲ್ಲೇ.

ಖಾಸಗಿ ಬಸ್ಸಿನವರಲ್ಲಿ ತಡವಾಗಿ ಬರುವುದು ತಪ್ಪಲ್ಲ. ಮುಂಚೆ ಬರುವುದು ತಪ್ಪು. ಮುಂಚೆ ಬಂದವನು ತನಗಿಂತ ಮೊದಲು ಹೊರಡಬೇಕಾದ ಬಸ್ಸಿನ ಜನರನ್ನು ತುಂಬಿಕೊಳ್ಳುತ್ತಾನೆ. ಅದಕ್ಕೆ 'ಟೈಮು ಕದಿಯೋದು' ಎನ್ನುತ್ತಾರೆ. ಹಾಗೆ ಕದ್ದವನು ಆ ಬಸ್ಸು ಬಂದು, ತುಂಬಿಸಿಕೊಂಡು ಹೋಗುವವರೆಗೆ ನಿಲ್ಲಬೇಕು. ಕಾಟಪ್ಪನಿಗಿಂತ ಮೊದಲು ಹೊರಡಬೇಕಿದ್ದದ್ದು ಬೇರೆ ದಾರಿಯಿಂದ ಬರುವ, ಬೇರೆ ಮಾಲೀಕನ ಕೆಂಪು ಬಸ್ಸು. ಅದರ ಸಮಯ ಹನ್ನೆರಡೂ ಮುಕ್ಕಾಲು. ಇನ್ನೂ ಬಂದೇ ಇರಲಿಲ್ಲ.

ಕೆಂಪು ಬಸ್ಸಿನ ಏಜೆಂಟ್ ಗೊಲ್ಲಪ್ಪ ಬೀಡಿ ಎಸೆದು ಬಂದ. ದನಿ ದೊಡ್ಡದು, ಆಳು ಸಣ್ಣವನು.

"ಏನಪ್ಪ ಕಾಟಪ್ಪ, ಹಾರ್ಕೊಂಡು ಬಂದ್ಯಾ? ರೆಕ್ಕೆ ಎಲ್ಲಿ ಮಡಗಿದ್ದಿ?"

"ಆಸ್ಪತ್ರೆಗೆ ಹೋಗ್ಬೇಕು ಗೊಲ್ಲಪ್ಪ. ಜನ ಯಾರೂ ಹತ್ತಿಲ್ಲ, ನೋಡು."

"ಅಲ್ಲಿ ಹತ್ತಿಲ್ಲ, ಇಲ್ಲಿ ಹತ್ತಿಸ್ಕೊಳ್ಳಾಕೆ ಬಂದೀಯ. ನಮ್ ಬಸ್ಸು ಹೋಗೋಗಂಟ ನಿನ್ ಚಕ್ರ ಉರುಳಾಕಿಲ್ಲ."

ಅವನು ಹೆಗಲ ಟವೆಲನ್ನು ಮುಂದಿನ ಚಕ್ರದ ಮುಂದೆ ಹಾಸಿ ಕುಳಿತುಬಿಟ್ಟ.

ಗಂಟೆ ಒಂದಾಯಿತು. ಕೆಂಪು ಬಸ್ಸು ಬರಲಿಲ್ಲ. ಸೈಕಲ್ಲಿನಲ್ಲಿ ಬಂದವನೊಬ್ಬ ಅದರ ಟೈರು ಪಂಕ್ಚರಾಗಿ ನಿಂತಿದೆ ಎಂದ. ಕಾಟಪ್ಪ ಹೊರಡುವ ಸಮಯ ಒಂದು ಹತ್ತು, ಅದೂ ದಾಟಿತು. ಎರಡರೊಳಗೆ ಹೊರಡದಿದ್ದರೆ ಮೂರಕ್ಕೆ ದುರ್ಗ ಸೇರುವಂತಿರಲಿಲ್ಲ. ಕಾಟಪ್ಪನ ಕತ್ತಿನ ನರ ಉಬ್ಬಿತು. ಅವನು ಬಾಗಿಲು ತೆಗೆದು ಇಳಿಯಲು ಕಾಲು ಚಾಚಿದ.

ಏಕಾಂತಮ್ಮ ಹಿಂದಿನಿಂದ ಅವನ ಅಂಗಿಯ ಕಾಲರ್ ಹಿಡಿದಳು.

"ಎಲ್ಲಿಗೆ?"

"ಅವನ್ನ ಎತ್ತಿ ಪಕ್ಕಕ್ಕೆ ಇಡ್ತೀನಿ, ಬಿಡು."

"ನೀ ಎತ್ತಿಡೋದು ಅವನ್ನಲ್ಲ, ನಿನ್ ಬಿ.ಪಿ.ನ. ಹೋಗಿ ಹಿಂದಿನ ಸೀಟಿನಾಗೆ ಮಲಗು."

"ಲೇ, ಜನ ನೋಡ್ತಾ ಅವ್ರೆ!"

"ನೋಡ್ಲಿ. ನಿನ್ ಜಗಳ ಇವತ್ತು ನಾನು ಆಡ್ತೀನಿ. ಮಲಗು ಅಂದ್ನಲ್ಲ!"

ಕಾಟಪ್ಪ ಹಿಂದಿನ ಉದ್ದ ಸೀಟಿನಲ್ಲಿ ಮಲಗಿದ. ಉಚ್ಚಂಗೆಮ್ಮ ಟವೆಲ್ ಒದ್ದೆ ಮಾಡಿ ಅವನ ಹಣೆಗೆ ಹಾಕಿ ತಲೆಯ ಹತ್ತಿರ ಕುಳಿತಳು. ಚಿತ್ರಲಿಂಗಪ್ಪ ಅವನ ಕಾಲಿನ ಮೇಲೆಯೇ ಕುಳಿತ.

ಏಕಾಂತಮ್ಮ ಇಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೊಲ್ಲಪ್ಪನ ಎದುರಿಗೇ ಮಣ್ಣಿನಲ್ಲಿ ಕುಳಿತಳು. ಸ್ಟ್ಯಾಂಡಿನ ಜನವೆಲ್ಲ ಸುತ್ತ ನೆರೆಯಿತು.

"ಏಳಯ್ಯ ಮ್ಯಾಲೆ."

"ನಿಮ್ಮನ್ನೇನೂ ಅನ್ನಾಕಿಲ್ಲಮ್ಮ. ಗಂಡಸು ಬರ್ಲಿ. ಮಲಗ್ಯಾನಂತಲ್ಲ ಒಳಗೆ? ಸರ್ಕಾರಿ ಡ್ರೈವರ್ ಆಗ್ತಾನಂತೆ, ಈ ಮುಖಕ್ಕೆ!"

ಒಳಗೆ ಸೀಟು ಕಿರುಗುಟ್ಟಿತು. "ಮಲಗು!" ಎಂದು ಏಕಾಂತಮ್ಮ ತಿರುಗಿ ನೋಡದೆಯೇ ಕೂಗಿದಳು. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ.

"ಆ ಮುಖ ಹನ್ನೊಂದು ವರ್ಷದಿಂದ ಈ ರಸ್ತೆ ಉಜ್ಜೈತೆ. ನಿನ್ ಮಗಳು ಸಿರಿಗೆರೆ ಹಾಸ್ಟೆಲ್ಲಿಗೆ ಹೋಗುವಾಗ ಟ್ರಂಕು ತಂದು ಹತ್ತಿಸ್ದೋನು ಯಾರು? ನಿನ್ ಕೆಂಪು ಬಸ್ಸಾ? ಟೈಮು ಕದ್ದ ಅಂತೀಯ. ಒಳಗೆ ಹತ್ತಿ ಎಣಿಸ್ಕೊ, ಒಬ್ಬ ಮುದುಕಿ ಅವ್ಳೆ. ಆ ಮುದುಕಿ ಬೇಕಾ? ತಗೊ, ಇಳಿಸ್ತೀನಿ!"

"ನಾನ್ಯಾಕೆ ಇಳೀಲಿ? ಟಿಕೆಟ್ ತಗೊಂಡೀನಿ!" ಎಂದು ಉಚ್ಚಂಗೆಮ್ಮ ಕಿಟಕಿಯಿಂದ ಗದರಿದಳು. ಜನ ಗೊಳ್ಳೆಂದು ನಕ್ಕರು. ಗೊಲ್ಲಪ್ಪನಿಗೂ ನಗು ಬಂತು, ತಡೆದುಕೊಂಡ.

"ಸರಿಯಮ್ಮ. ಇಲ್ಲಿ ಹತ್ತಿಸ್ಕಳಲ್ಲ ಅಂತಾನೇ ಇಟ್ಕಳಾಣ. ಮುಂದೆ ದಾರೀಲಿ ಹತ್ತಿಸ್ಕಂಡ್ರೆ? ನಾನೇನು ಬಂದು ನೋಡ್ತೀನಾ? ನನ್ ಮಾಲೀಕ ನನ್ನ ಬಿಡ್ತಾನಾ?"

ಎರಡಕ್ಕೆ ಕಾಲು ಗಂಟೆ ಇತ್ತು. ಏಕಾಂತಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ಕೈ ಚಾಚಿದಳು.

"ಚಿತ್ರಲಿಂಗಣ್ಣ, ಟಿಕೆಟ್ ಬುಕ್ಕು ಕೊಡು."

ಚಿತ್ರಲಿಂಗಪ್ಪ ಚರ್ಮದ ಚೀಲವನ್ನು ಎದೆಗೆ ಅವುಚಿಕೊಂಡ. ಟಿಕೆಟ್ ಪುಸ್ತಕ ಕೈಬಿಟ್ಟ ಕಂಡಕ್ಟರನ್ನು ಯಾವ ಮಾಲೀಕನೂ ಉಳಿಸಿಕೊಳ್ಳುವುದಿಲ್ಲ. ಅದಿಲ್ಲದೆ ದಾರಿಯಲ್ಲಿ ಒಂದು ಮಗುವನ್ನೂ ಹತ್ತಿಸಿಕೊಳ್ಳುವಂತಿಲ್ಲ. ಚೆಕಿಂಗಿನವರು ಸಿಕ್ಕರೆ ಮುಗಿಯಿತು.

"ಮುರುಗಪ್ನೋರು ನನ್ನ ಕೊಂದೇಬಿಡ್ತಾರೆ ಅಕ್ಕ."

"ನನ್ ಗಂಡ ಕೇಳ್ದ, ಕೊಟ್ಟೆ ಅನ್ನು. ತಪ್ಪೆಲ್ಲ ನಮ್ಮ ಮೇಲಿರ್ಲಿ."

ಕಂಡಕ್ಟರ್ ಒಮ್ಮೆ ಮಲಗಿದ್ದ ಕಾಟಪ್ಪನ ಕಡೆ ನೋಡಿದ. ಕಾಟಪ್ಪ ಒದ್ದೆ ಟವೆಲ್ ಕೆಳಗಿನಿಂದಲೇ, "ಕೊಡೋ. ನಾನೇ ಕೊಡಿಸ್ದೆ ಅಂತೀನಿ" ಎಂದ. ಪುಸ್ತಕ ಕಿಟಕಿಯಿಂದ ಹೊರಗೆ ಬಂತು. ಏಕಾಂತಮ್ಮ ಅದನ್ನು ಗೊಲ್ಲಪ್ಪನ ಕೈಗೆ ಇಟ್ಟಳು.

ಗೊಲ್ಲಪ್ಪ ಅದನ್ನು ತಿರುವಿ ನೋಡಿ ಕಂಕುಳಿಗೆ ಸಿಕ್ಕಿಸಿದ. ಕೊನೆಗೆ ಎದ್ದು ಟವೆಲ್ ಕೊಡವಿದ.

"ಇದನ್ನ ನಮ್ ಬಸ್ಸಿನಾಗೆ ದುರ್ಗಕ್ಕೆ ಕಳಿಸ್ತೀನಿ. ಹೋಗ್ರಿ, ಹೋಗ್ರಿ. ಏ ಪೋರಗಳಾ, ದಾರಿ ಬಿಡ್ರೋ! ಕಾಟಪ್ಪ, ನಿಧಾನಕ್ಕೆ ಹೋಗೋ ಮಾರಾಯ!"

"ಎದ್ದೇಳು, ಹೋಗಾಣ" ಎಂದಳು ಏಕಾಂತಮ್ಮ. ಅವಳ ದನಿ ಬಿದ್ದುಹೋಗಿತ್ತು.

ಹೊಳಲ್ಕೆರೆಯಿಂದ ಮುಂದೆ ಬಸ್ಸು ಎಲ್ಲೂ ನಿಲ್ಲಲಿಲ್ಲ. ತಾಳ್ಯದ ಕಡೆಯ ಕೆಲವರು ವಿಷಯ ತಿಳಿಯದೆ ಕೈ ಅಡ್ಡ ಹಿಡಿದು ಬೈದರು. ಏಕಾಂತಮ್ಮ ಕಿಟಕಿಯಿಂದ ಕೈ ಮುಗಿದಳು. ದುರ್ಗದ ಬೆಟ್ಟ ಕಂಡಾಗ ಎರಡೂವರೆ. ಕಾಟಪ್ಪ ಬಸ್ಸನ್ನು ಸ್ಟ್ಯಾಂಡಿಗೆ ಒಯ್ಯದೆ ನೇರ ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ. ಮೂರಕ್ಕೆ ಐದು ನಿಮಿಷವಿತ್ತು.

ಡಾಕ್ಟರು ಅವನನ್ನು ಬೆಂಚಿನ ಮೇಲೆ ಮಲಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಪಾದರಸ ಇಳಿಯುವುದನ್ನು ನೋಡಿದರು. ಇನ್ನೊಮ್ಮೆ ಒತ್ತಿದರು. ಬಾಗಿಲಲ್ಲಿ ಏಕಾಂತಮ್ಮ, ಚಿತ್ರಲಿಂಗಪ್ಪ, ಉಚ್ಚಂಗೆಮ್ಮ ಮೂವರೂ ಇಣುಕುತ್ತ ನಿಂತಿದ್ದರು.

"ನೂರಾ ಮೂವತ್ತಾರು, ಎಂಬತ್ತಾರು. ಏನು ಮಾಡಿದೆಯಪ್ಪ?"

"ಮಲಗಿದ್ದೆ ಸಾರ್" ಎಂದ ಕಾಟಪ್ಪ.

ಡಾಕ್ಟರು ಫಿಟ್ ಎಂದು ಬರೆದರು. ಉಚ್ಚಂಗೆಮ್ಮ ಚಪ್ಪಾಳೆ ತಟ್ಟಿದಳು. ಚಿತ್ರಲಿಂಗಪ್ಪ ಕಾಟಪ್ಪನನ್ನು ತಬ್ಬಿಕೊಂಡು ಎತ್ತಿಯೇ ಬಿಟ್ಟ. ಏಕಾಂತಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಗುತ್ತಿದ್ದಳು. ಅವಳ ಮುಖ ಕೆಂಪಾಗಿತ್ತು, ಮೇಲುಸಿರು ಬರುತ್ತಿತ್ತು. ಡಾಕ್ಟರು ಅವಳನ್ನು ಒಂದು ಕ್ಷಣ ನೋಡಿ, "ನೀನು ಬಾರಮ್ಮ, ಇಲ್ಲಿ ಕೂತ್ಕೊ" ಎಂದರು. ಅವಳ ಬಿ.ಪಿ. ನೂರ ಎಂಬತ್ತು ಇತ್ತು. ಇನ್ನೂ ಅರ್ಧ ಗಂಟೆ ಮಲಗಿಸಿ ನೋಡಿದರೂ ಹೆಚ್ಚು ಇಳಿಯಲಿಲ್ಲ. ಮಾತ್ರೆ ಕೊಟ್ಟು, ಹದಿನೈದು ದಿನ ಬಿಟ್ಟು ಬರಲು ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ಮುರುಗಪ್ಪ ಕಾಯುತ್ತಿದ್ದ. ಟಿಕೆಟ್ ಪುಸ್ತಕ ಕೆಂಪು ಬಸ್ಸಿನಲ್ಲಿ ಬರುತ್ತಿದೆ ಎಂಬ ಸುದ್ದಿ ಹೊಳಲ್ಕೆರೆಯಿಂದ ಫೋನಿನಲ್ಲಿ ಅವನಿಗೆ ಆಗಲೇ ಮುಟ್ಟಿತ್ತು. ಕೊಡಿಸಿದ್ದು ತಾನೇ ಎಂದು ಕಾಟಪ್ಪ ಹೇಳಿದ. ಚಿತ್ರಲಿಂಗಪ್ಪನ ಕೆಲಸ ಉಳಿಯಿತು, ಕಾಟಪ್ಪನದು ಅಲ್ಲೇ ಹೋಯಿತು. ಸರ್ಕಾರಿ ಡಿಪೋದಿಂದ ಕೆಲಸದ ಆದೇಶ ಬರಲು ಏಳು ವಾರ ಹಿಡಿಯಿತು. ಅಲ್ಲಿಯವರೆಗೆ ಕಾಟಪ್ಪ ಬಾಗೂರಿನಲ್ಲೇ ಇದ್ದು, ರಂಗಕ್ಕನ ಹೊಲದಲ್ಲಿ ಕಡಲೆಕಾಯಿ ಕಳೆ ತೆಗೆದ.