ಉದ್ದಪ್ಪನೆಂಬ ಪರದೇಶಿ

ಎದ್ದು ನಿಂತು ಈಗಲೇ ಹೇಳಿಬಿಡಬೇಕೋ, ಉಂಡು ಕೈತೊಳೆದ ಮೇಲೆ ಹೇಳಿದರೆ ಸಾಕೋ? ಈಗ ಹೇಳಿದರೆ ಉಣ್ಣುವ ಸಾಲಿನಿಂದ ನಡುವೆಯೇ ಎದ್ದ ಹಾಗಾಗುತ್ತದೆ. ಉಂಡ ಮೇಲೆ ಹೇಳಿದರೆ ತನ್ನದಲ್ಲದ ಪಾಲನ್ನು ತಿಂದು ಮುಗಿಸಿ ಹೇಳಿದ ಹಾಗಾಗುತ್ತದೆ. ಅಷ್ಟಕ್ಕೂ, ಹೇಳುವುದಾದರೂ ಯಾವ ಮಾತಿನಲ್ಲಿ?

ಎಡ್ವರ್ಡ್ ಹೀಗೆ ತೂಗುತ್ತಿರುವಾಗಲೇ, ಆ ಮನೆಯ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಚನ್ನವ್ವ ಅವನ ಗಂಗಾಳಕ್ಕೆ ಇನ್ನೊಂದು ಜೋಳದ ರೊಟ್ಟಿ ಹಾಕಿ ಮುಂದೆ ಹೋದಳು. ಅವನ ಎಡಕ್ಕೆ ಅಲ್ಲವ್ವ ಎಂಬ ಪುಟ್ಟ ಹುಡುಗಿ ಕೂತಿದ್ದಳು. ಮಡಚಿ ಕೂತರೂ ಅವನ ಮೊಣಕಾಲು ಅವಳ ಕಿವಿಗೆ ತಾಗುತ್ತಿತ್ತು. ಎಲ್ಲ ಮಕ್ಕಳ ತಲೆಗೆ ಹಚ್ಚಿದಂತೆ ಅವನ ತಲೆಗೂ ಔಡಲೆಣ್ಣೆ ಹಚ್ಚಿದ್ದರು. ಅದು ಹಣೆಯಿಂದ ಇಳಿದು ಮೂಗಿನ ತುದಿಯಲ್ಲಿ ಬಂದು ನಿಂತಿತ್ತು.

ಘೋಡಗೇರಿಯ ಅಂಚಿನಲ್ಲಿದ್ದ ಆ ಮನೆ ಮೊದಲು ಹತ್ತಿಯ ಗೋದಾಮು. ದೊಡ್ಡ ಜ್ವರ ಬಂದು ಊರೂರು ಬಳಿದುಕೊಂಡು ಹೋದ ಮರುವರ್ಷ, ದುಂಡಪ್ಪ ಸಾವಕಾರರು ಹತ್ತಿ ತೆಗೆಸಿ, ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ತುಂಬಿಸಿದ್ದರು. ಇಂಗ್ಲೆಂಡಿನಿಂದ ಒಬ್ಬ ಸಾಹೇಬರು ಪಗಾರವಿಲ್ಲದೆ ಈ ಮಕ್ಕಳ ಸೇವೆಗೆ ಬರುತ್ತಾರೆಂದು ಬೆಳಗಾವಿಯಿಂದ ಸುದ್ದಿ ಬಂದ ದಿನವೇ ಪಡಸಾಲೆಯಲ್ಲಿ ಒಂದು ಕುರ್ಚಿ ಇಡಿಸಿದರು. ಹುಕ್ಕೇರಿಯ ರಸ್ತೆಯಲ್ಲಿ ಧೂಳೆದ್ದರೆ ಸಾಕು, ಮೋಟಾರು ಬಂತೆಂದು ರುಮಾಲು ಸರಿಪಡಿಸಿಕೊಂಡು ಬಾಗಿಲಿಗೆ ಬರುತ್ತಿದ್ದರು. ಧೂಳಿನೊಳಗಿಂದ ಕುರಿಗಳು ಬರುತ್ತಿದ್ದವು.

ಎಡ್ವರ್ಡ್ ಬಂದದ್ದು ನಡೆದುಕೊಂಡು. ಅವನ ಪೆಟ್ಟಿಗೆ ರೈಲಿನಲ್ಲಿ ಯಾವ ದಿಕ್ಕಿಗೋ ಹೋಗಿತ್ತು. ಟೊಪ್ಪಿಗೆಯನ್ನು ಗೋಕಾಕದ ಜಲಪಾತದ ಗಾಳಿ ಒಯ್ದಿತ್ತು. ಬಿಸಿಲಿಗೆ ಮುಖ ಸುಲಿದು, ಕಾಲು ಕೆಂಪು ಮಣ್ಣಾಗಿ, ಹೆಗಲ ಮೇಲೊಂದು ಗಂಟು ಹೊತ್ತು ಬಂದವನು ಬಾಗಿಲಲ್ಲಿ ನಿಂತು, ಹಡಗಿನಲ್ಲಿ ನಿಘಂಟು ಹಿಡಿದು ಕೂಡಿಸಿಕೊಂಡಿದ್ದ ಮಾತನ್ನು ಚನ್ನವ್ವನಿಗೆ ಒಪ್ಪಿಸಿದ.

"ತಾಯೀ, ನಾನು ಪರದೇಶಿ. ಈ ಮಕ್ಕಳೊಡನೆ ಇರಲು ಬಂದಿರುವೆನು."

ನಿಘಂಟಿನಲ್ಲಿ ತಪ್ಪಿರಲಿಲ್ಲ. ಆದರೆ ಆ ಸೀಮೆಯಲ್ಲಿ ಪರದೇಶಿ ಎಂದರೆ ಬೇರೆ ದೇಶದವನಲ್ಲ. ಹೆತ್ತವರು ಸತ್ತು ತಬ್ಬಲಿಯಾದವನು. ಆ ಮನೆಯನ್ನು ಜನ ಕರೆಯುತ್ತಿದ್ದದ್ದೇ ಪರದೇಶಿ ಮಕ್ಕಳ ಮನಿ ಎಂದು.

"ಅಯ್ಯ ಶಿವನ!" ಎಂದು ಚನ್ನವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇಷ್ಟ ಉದ್ದ ಬೆಳದ ಮ್ಯಾಲೆ ಪರದೇಶಿ ಆದೇನೋ ತಮ್ಮಾ! ಒಳಗ ಬಾ. ಉಂಡೀಯೋ ಇಲ್ಲೋ? ಹೆಸರೇನು?"

"ಎಡ್ವರ್ಡ್."

"ಉದ್ದಪ್ಪ? ಬರೋಬ್ಬರಿ ಹೆಸರ ಇಟ್ಟಾರ ನೋಡು."

ದುಂಡಪ್ಪ ಸಾವಕಾರರಿಗೆ ಮಾತ್ರ ಸ್ವಲ್ಪ ಅನುಮಾನ ಬಂತು. "ಚನ್ನವ್ವಾ, ಈ ಹುಡುಗ ಭಾಳ ಬೆಳ್ಳಗ ಅದಾನಲ್ಲ?"

"ಬೆಳ್ಳಗ ಇದ್ರ ಏನಾತ್ರಿ ಸಾವ್ಕಾರ್ರ? ಜ್ವರ ಬಣ್ಣಾ ನೋಡಿ ಬರ್ತೈತೇನು? ಅವರ ದೇಶಕ್ಕೂ ಹೋಗಿತ್ತಂತ. ಮ್ಯಾಲೆ ಲಡಾಯಿ ಬ್ಯಾರೆ."

"ಅದೂ ಖರೆ ಅನ್ನು." ಸಾವಕಾರರು ಎಡ್ವರ್ಡನನ್ನು ಕರುಣೆಯಿಂದ ನೋಡಿದರು. "ಸಾಹೇಬ್ರು ಬಂದಾಗ ಇವನ್ನ ಮೊದಲ ತೋರಸೂಣು. ಅವರ ಭಾಷಾದಾಗ ಎರಡ ಮಾತ ಆಡಿದ್ರ ಪಾಪ, ಸಮಾಧಾನ ಆಕ್ಕೈತಿ."

ಹೀಗೆ ಸೇವೆ ಮಾಡಲು ಬಂದವನ ಸೇವೆ ಶುರುವಾಯಿತು. ಅವನು ಕಸಬರಿಗೆ ಹಿಡಿದರೆ ಚನ್ನವ್ವ ಕಿತ್ತುಕೊಳ್ಳುತ್ತಿದ್ದಳು. "ಬಂದ ಹೊಸದಾಗ ದುಡೀಬಾರದೋ. ದುಃಖ ಇನ್ನಾ ಮೈಯಾಗ ಇರ್ತೈತಿ." ನೀರು ಸೇದಲು ಹೋದರೆ ಮಕ್ಕಳೇ ಅವನ ಕೈಹಿಡಿದು ತಂದು ಬಿಸಿಲಿಗೆ ಕೂರಿಸುತ್ತಿದ್ದವು. ಸಂಜೆ ಎಲ್ಲರೂ ಸಾಲಾಗಿ ನಿಂತು ಸಾಹೇಬರನ್ನು ಸ್ವಾಗತಿಸುವ ಹಾಡು ಕಲಿಯಬೇಕಿತ್ತು. ಎಡ್ವರ್ಡನೂ ಕಲಿತ. "ನೀ ಹಿಂದ ನಿಂದರಪಾ ಉದ್ದಪ್ಪ," ಎನ್ನುತ್ತಿದ್ದರು ಸಾವಕಾರರು. "ನೀ ಮುಂದ ನಿಂತ್ರ ಸಾಹೇಬ್ರಿಗೆ ಹುಡುಗೂರು ಕಾಣೂದಿಲ್ಲ." ಅವನು ಹಿಂದೆ ನಿಂತು, ಖಾಲಿ ಕುರ್ಚಿಯನ್ನು ನೋಡುತ್ತ, ತನ್ನನ್ನು ತಾನೇ ಬರಮಾಡಿಕೊಂಡು ಹಾಡುತ್ತಿದ್ದ. ಒಮ್ಮೆ ಆ ಕುರ್ಚಿಯ ಕಡೆ ಬೆರಳು ತೋರಿಸಿ "ಅದು ನಾನು" ಎಂದ. "ಮುಟ್ಟಬ್ಯಾಡ, ಸಾಹೇಬ್ರದು," ಎಂದರು.

ಪರದೇಶಿ ಎಂಬ ಮಾತಿನ ಅರ್ಥ ಅವನಿಗೆ ತಿಳಿದದ್ದು ಅಲ್ಲವ್ವನಿಂದ. ತಿಳಿದೊಡನೆ ಗಾಬರಿಯಿಂದ, "ಅಲ್ಲವ್ವಾ, ನಾನು ಪರದೇಶಿ ಅಲ್ಲ" ಎಂದ.

ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. "ಮೊದಲ ಎಲ್ಲಾರೂ ಹಂಗ ಅಂತಾರ. ನಾನೂ ಅಂದಿದ್ದೆ. ನಮ್ಮವ್ವ ಕಲ್ಲೋಳಿ ಸಂತಿಗೆ ಹೋಗ್ಯಾಳ, ಸಂಜಿಗೆ ಬರ್ತಾಳ ಅಂದಿದ್ದೆ."

"ಅದಕ್ಕೆ ಚನ್ನವ್ವ ಏನು ಹೇಳಿದಳು?"

"ಏನೂ ಅನ್ನೂದಿಲ್ಲ ಆಕಿ. ಹೂಂ ಅಂತಾಳ. ರೊಟ್ಟಿ ಕೊಡ್ತಾಳ."

ಎಡ್ವರ್ಡ್ ಅದನ್ನು ಬಹಳ ಹೊತ್ತು ಯೋಚಿಸಿದ. ನಾನು ಪರದೇಶಿ ಎಂದರೆ ಘೋಡಗೇರಿಯಲ್ಲಿ ಸುಳ್ಳು. ಪರದೇಶಿ ಅಲ್ಲ ಎಂದರೆ ನಿಘಂಟಿನಲ್ಲಿ ಸುಳ್ಳು. ತಾಯಿ ಇದ್ದಾಳೆಂದರೆ ಇನ್ನೊಂದು ರೊಟ್ಟಿ. ಈ ಮೂರರ ನಡುವೆ ಸುಮ್ಮನಿರುವುದೊಂದೇ ಸುಳ್ಳಲ್ಲವೆಂದು ಅವನಿಗೆ ಕಂಡಿತು. ಆದರೂ ಹೇಳಬೇಕೆಂಬುದು ಹೋಗಲಿಲ್ಲ. ಪ್ರತಿ ಊಟದಲ್ಲೂ ಅವನು ಎದ್ದು ನಿಲ್ಲುವುದರಲ್ಲಿರುತ್ತಿದ್ದ.

ಅಂದೂ, ಗಂಗಾಳಕ್ಕೆ ಇನ್ನೊಂದು ರೊಟ್ಟಿ ಬಿದ್ದ ಮೇಲೆ, ಹಾಗೆಯೇ ನಿಲ್ಲುವುದರಲ್ಲಿದ್ದಾಗ, ಮೂಡಲಗಿಯ ಕಡೆಯ ಮಸಗುಪ್ಪಿಯಿಂದ ಪರಪ್ಪ ಮತ್ತು ಅವನ ಹೆಂಡತಿ ಕಾಶೆವ್ವ ಚಕ್ಕಡಿ ಹೂಡಿಕೊಂಡು ಬಂದರು. ಅವರ ಇಬ್ಬರು ಗಂಡುಮಕ್ಕಳೂ ಅದೇ ಜ್ವರದಲ್ಲಿ ಹೋಗಿದ್ದರು. ಕಾಶೆವ್ವ ಅಂದಿನಿಂದ ಮಾತು ಬಿಟ್ಟಿದ್ದಳು. ಗಂಡನೊಡನೆ ಇಲ್ಲ, ನೆರೆಯವರೊಡನೆ ಇಲ್ಲ, ಎಮ್ಮೆಯೊಡನೆ ಕೂಡ ಇಲ್ಲ. ಒಂದು ಕೂಸನ್ನು ತಂದು ಮಡಿಲಲ್ಲಿ ಹಾಕಿದರೆ ಬಾಯಿ ಬಿಟ್ಟಾಳೆಂದು ಪರಪ್ಪ ಕರೆದುಕೊಂಡು ಬಂದಿದ್ದ.

ದುಂಡಪ್ಪ ಸಾವಕಾರರು ಸಣ್ಣ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಂದೆ ತಂದು ನಿಲ್ಲಿಸಿದರು. ಕಾಶೆವ್ವ ಒಬ್ಬರನ್ನೂ ಮುಟ್ಟಲಿಲ್ಲ. ಮುಟ್ಟಿದರೆ ಕೈಯಲ್ಲೇ ಉದುರಿಬಿಟ್ಟಾವು ಎಂಬಂತೆ ಹಿಂದೆ ಸರಿದಳು. ಆಮೇಲೆ ಸಾಲಿನ ಮೇಲಿಂದ ನೋಡಿ, ಕೈಯೆತ್ತಿ ಎಡ್ವರ್ಡನನ್ನು ತೋರಿಸಿದಳು.

"ಇಂವ ಇರ್ಲಿ."

ಪರಪ್ಪನ ಕೈಯಿಂದ ಬಾರುಕೋಲು ಬಿತ್ತು. ಅವಳು ಯಾರನ್ನು ತೋರಿಸಿದಳೆಂದು ಅವನು ನೋಡಲೇ ಇಲ್ಲ. "ಮಾತಾಡಿದ್ಲ್ರೀ!" ಎಂದು ಸಾವಕಾರರ ತೋಳು ಹಿಡಿದುಕೊಂಡ.

"ಮಾತಾಡಿದ್ಲು ಖರೆ. ಆದ್ರ ಕಾಶೆವ್ವಾ, ಇವಂಗ ಗಡ್ಡ ಬಂದೈತಲ್ಲವಾ!"

"ಬರ್ಲಿ ಬಿಡ್ರಿ. ಸಣ್ಣವು ನಿಲ್ಲೂದಿಲ್ರಿ ಸಾವ್ಕಾರ್ರ. ಇದು ನಿಂತೈತಿ."

ಪರಪ್ಪ ಈಗ ತಲೆಯೆತ್ತಿ ನೋಡಿದ. ಎತ್ತನ್ನು ನೋಡುವಂತೆ ಎಡ್ವರ್ಡನ ಹೆಗಲು ಒತ್ತಿದ. "ಏ ಇವಳ, ಇಂವ ನಮ್ಮ ಬಾಗಲದಾಗ ಹಿಡ್ಯೂದಿಲ್ಲಲ್ಲ!"

"ಬಾಗಲಾ ಎತ್ತರ ಮಾಡಸು. ಮನೀ ಕಟ್ಟುವಾಗನ ಹೇಳಿದ್ದೆ, ಗಿಡ್ಡ ಆತಂತ. ನನ್ನ ಮಾತ ಯಾವಾಗ ಕೇಳೀದಿ ನೀ?"

ಬೈಗುಳ ಕೇಳಿ ಪರಪ್ಪನ ಕಣ್ಣು ತುಂಬಿತು. "ಮಾಡಸ್ತೇನಿ," ಎಂದ. "ನಾಳೇನ ಮಾಡಸ್ತೇನಿ."

ಆ ಮನೆಯಲ್ಲೊಂದು ಪದ್ಧತಿ ಇತ್ತು. ಮಗುವನ್ನು ಕೊಡುವ ಮುಂಚೆ ಹಣೆಗೆ ವಿಭೂತಿ ಹಚ್ಚಿ, ಎಲ್ಲರೆದುರು ಒಂದು ಮಾತು ಕೇಳಬೇಕು. ಸಾವಕಾರರು ಮಣೆಯ ಮೇಲೆ ಹತ್ತಿ ನಿಂತು ಎಡ್ವರ್ಡನ ಹಣೆಗೆ ವಿಭೂತಿ ಹಚ್ಚಿ ಕೇಳಿದರು:

"ಉದ್ದಪ್ಪಾ, ಖರೇ ಹೇಳು. ನಿನಗ ಹಿಂದ ಮುಂದ ಯಾರರ ಅದಾರೇನು?"

ಎಡ್ವರ್ಡ್ ಆ ಮಾತನ್ನು ಇದ್ದ ಹಾಗೆಯೇ ತೆಗೆದುಕೊಂಡು ಮೊದಲು ಹಿಂದೆ ತಿರುಗಿ ನೋಡಿದ. ಎಣ್ಣೆ ತಲೆಗಳ ಸಾಲು ಇತ್ತು. ಆಮೇಲೆ ಮುಂದೆ ನೋಡಿದ. ಕಾಶೆವ್ವ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿದ್ದಳು. ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಇನ್ನು ಕೇಳುವವರೂ ಇರಲಿಲ್ಲ. ಇದ್ದಾರೆ ಎಂಬ ಒಂದೇ ಮಾತು, ಕನ್ನಡದಲ್ಲಿ ಅದು ಅವನಿಗೆ ಬರುತ್ತಿತ್ತು. ಅವನು ಬಾಯಿ ತೆರೆದ. ಚನ್ನವ್ವ ತನ್ನ ಪದ್ಧತಿಯಂತೆ "ಹೂಂ" ಎನ್ನಲು ಸಿದ್ಧಳಾದಳು. ಕಾಶೆವ್ವ ಸೆರಗು ಬಿಟ್ಟು ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಅದನ್ನು ನೋಡಿ ಅವನು ಬಾಯಿ ಮುಚ್ಚಿಕೊಂಡ.

"ಇಲ್ಲ ಅಂದ," ಎಂದರು ಸಾವಕಾರರು.

"ಯಾವಾಗ ಅಂದಾನ್ರಿ?" ಪರಪ್ಪ ಕೇಳಿದ.

"ಸುಮ್ಮನ ನಿಂತನಲ್ಲ. ಪರದೇಶಿ ಹುಡುಗೂರು ಇಲ್ಲ ಅನ್ನೂದು ಹಿಂಗ."

ಮಕ್ಕಳಿಗೆ ಬರುತ್ತಿದ್ದದ್ದು ಒಂದೇ ಹಾಡಾದ್ದರಿಂದ ಅದನ್ನೇ ಹಾಡಿ ಕಳಿಸಿದವು. "ಸಾಹೇಬ್ರು ಬಂದ್ರ ಮಂದೀನ ಕಳಸ್ತೇನಿ, ಬಂದು ಭೆಟ್ಟಿಯಾಗಿ ಹೋಗು," ಎಂದು ಸಾವಕಾರರು ಚಕ್ಕಡಿಯ ಹಿಂದೆ ಕೂಗಿದರು.

ದಾರಿಯಲ್ಲಿ ಕಾಶೆವ್ವ ಅವನ ಮುಖ ನೋಡಿ ಕೇಳಿದಳು. "ಉದ್ದಪ್ಪಾ, ನಿಮ್ಮವ್ವ ಎಂಥಾಕಿ ಇದ್ಲೋ?"

ಹಡಗುಕಟ್ಟೆಯಲ್ಲಿ ಅವನ ತಾಯಿ ಅವನ ಕೋಟಿನ ಗುಂಡಿಗಳನ್ನು ಕೊರಳಿನವರೆಗೂ ಹಾಕಿ, ಏನೂ ಅನ್ನದೆ ತಿರುಗಿ ನಡೆದಿದ್ದಳು.

"ಕಡಿಮೆ ಮಾತಾಡುತ್ತಿದ್ದಳು," ಎಂದ.

"ನನ್ನಂಗ," ಎಂದಳು ಕಾಶೆವ್ವ. ಎಂದವಳು ಮಸಗುಪ್ಪಿ ಮುಟ್ಟುವವರೆಗೆ ಬಾಯಿ ಮುಚ್ಚಲಿಲ್ಲ. ಎಮ್ಮೆಯ ಕೊಂಬು, ನಾದಿನಿಯ ಕೊಂಕು, ಬಾವಿಯ ನೀರಿನ ರುಚಿ, ಸತ್ತ ಇಬ್ಬರ ಹೆಸರು, ಅವರ ತಂಟೆ, ಎಲ್ಲ ಒಂದರ ಮೇಲೊಂದು ಬಂದವು. ಅವಳ ಮಾತಿನಲ್ಲಿ ಸಂದು ಸಿಕ್ಕರೆ ಹೇಳೋಣವೆಂದು ಎಡ್ವರ್ಡ್ ಕಾಯುತ್ತ ಕೂತ. ಸಂದು ಸಿಗಲಿಲ್ಲ.

ಮುಂದೆ ಆ ಮನೆಯಲ್ಲಿ ಅಂಥ ಸಂದುಗಳು ಎಷ್ಟೋ ಸಿಕ್ಕವು. ತನ್ನ ತಾಯಿ ಬದುಕಿದ್ದಾಳೆಂದು ಅವನು ಕಾಶೆವ್ವನಿಗೆ ಎಂದೂ ಹೇಳಲಿಲ್ಲ.