ಏಳು ಗಂಟಿನ ಕಂಬಳಿ

ಈ ಕತೆಯನ್ನು ಮೊದಲು ಹೇಳಿದವಳು ಹೀರಾಬಾಯಿ. ೧೯೯೭ರ ಮಾಘದಲ್ಲಿ, ಅಕ್ಕ ಕೃಷ್ಣವ್ವನ ಮಣ್ಣು ಮುಗಿದ ಸಂಜೆ, ಸಲಗರೆಯಲ್ಲಿ, ಅಕ್ಕನ ಮನೆಯ ಅಂಗಳದಲ್ಲಿ.

ಕುಡುಗೋಲು ಮಗ್ಗದ ನೂಲಿಗೆ ತಾಗುವಷ್ಟರಲ್ಲಿ ಕೃಷ್ಣವ್ವನ ಸೊಸೆ ಮನಿಷಾ ಗಂಡನ ಮಣಿಕಟ್ಟು ಹಿಡಿದಳು.

“ಕೊಯ್ಯಬ್ಯಾಡ್ರಿ. ನಾ ಮುಗಸ್ತೇನಿ.”

“ನೀ?” ಅಮಿತ ಕುಡುಗೋಲು ಬಿಡಲಿಲ್ಲ. “ಹತ್ತನೇದು ಅರ್ಧಕ್ಕ ಬಿಟ್ಟಿ. ಮಿರಜಿನಾಗ ಶಿವಣ ಕ್ಲಾಸ್ ಅರ್ಧಕ್ಕ ಬಿಟ್ಟಿ. ಅವ್ವನ ಹೆಣಾ ಇಟಗೊಂಡು ಇದನ್ನ ಮುಗಸ್ತಿ?”

ಕೃಷ್ಣವ್ವ ಬೆಳಗಿನಿಂದ ಅಂಗಳದಲ್ಲಿ ಮಲಗಿದ್ದಳು, ಹಣೆಯ ತುಂಬ ಭಂಡಾರದ ಅರಿಶಿನ. ಹೊರಡಲು ಬಹುತೇಕ ಎಲ್ಲವೂ ಸಿದ್ಧವಿತ್ತು; ತಡೆದದ್ದು ಮಗ್ಗವೊಂದೇ. ಅರ್ಧ ಕಂಬಳಿ ಮಗ್ಗದ ಮೇಲಿರುವಾಗ ನೇಯುವವರ ಹೆಣ ಎತ್ತುವುದಿಲ್ಲ. ನೇಯ್ದು ಮುಗಿಸಬೇಕು, ಇಲ್ಲವೇ ಕೊಯ್ಯಬೇಕು. ಕೊಯ್ದರೆ ಆ ಮನೆಯ ಮಗ್ಗಕ್ಕೆ ಮತ್ತೆಂದೂ ನೂಲು ಏರಿಸುವಂತಿಲ್ಲ.

ಅಮಿತನಿಗೆ ಅದರಿಂದ ನಷ್ಟವೇನೂ ಇರಲಿಲ್ಲ. ಮಗ್ಗದ ಕೋಣೆಯನ್ನು ಎಸ್‌ಟಿಡಿ ಬೂತಿಗೆ ಕೊಡುವುದಾಗಿ ಅವನು ಮಿರಜಿನ ದಿಲೀಪನಿಗೆ ಮಾತು ಕೊಟ್ಟಾಗಿತ್ತು. ಸಮಾಧಾನ ಹೇಳಲು ಬಂದಿದ್ದ ದಿಲೀಪ ಬಾಗಿಲ ಅಗಲವನ್ನು ಗೇಣಿನಿಂದ ಅಳೆದು, ಯಾರೋ ನೋಡಿದರೆಂದು ಕೈ ಹಿಂದಕ್ಕೆಳೆದುಕೊಂಡ.

ಹಿರಿಯ ಕಾಡಪ್ಪ ಆಕಾಶ ನೋಡಿದ. “ಹೊತ್ತು ಆ ಬೇವಿನ ಟೊಂಗಿಗೆ ಇಳಿಯೂತನಾ ಕಾಯೂಣು. ಆಮ್ಯಾಲ ಕುಡುಗೋಲ.”

ಇನ್ನೂ ಒಂದು ಮೊಳ ಬಾಕಿಯಿತ್ತು. ಮನಿಷಾ ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುವ ಕುಣಿಗೆ ಇಳಿದಳು.

*

ಆ ಕುಣಿಗೆ ಅವಳು ಮೊದಲು ಇಳಿದದ್ದು ಮೂರು ವರ್ಷದ ಹಿಂದೆ, ಬೇಸರ ಕಳೆಯಲು. ಅತ್ತೆ ಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಸಂಜೆ ಬಂದು, ಸೊಸೆ ನೇಯ್ದಷ್ಟನ್ನೂ ಬೆರಳಿನಿಂದ ಸವರಿ, ಬಿಚ್ಚಿಬಿಡುತ್ತಿದ್ದಳು.

“ಅಂಚು ಜಗ್ಗೈತಿ. ಲಾಳಿ ಒಗದ ಮ್ಯಾಲ ಎಳೀಬ್ಯಾಡ, ಬಿಡು. ಎಳದಷ್ಟು ಡೊಂಕ.”

“ನಿಮ್ಮ ಕೈ ಮೊದಲ ದಿನಾನ ನೆಟ್ಟಗಿತ್ತೇನ್ರಿ?”

ಕೃಷ್ಣವ್ವ ಉಂಡೆ ಕಟ್ಟಿದ ನೂಲನ್ನು ಅವಳ ಮಡಿಲಿಗೆ ಹಾಕಿ, “ಮತ್ತ ಸುರು ಮಾಡು,” ಎಂದಳು.

*

“ಪರತ ತುಟಲಾ!” ಮನಿಷಾಳ ಬಾಯಿಂದ ಮರಾಠಿ ಹೊರಟಿತು; ನೂಲು ಮತ್ತೆ ಹರಿದಿತ್ತು. ಗಂಟು ಹಾಕಿ ಲಾಳಿ ಒಗೆದಳು. ಎಳೆಯಬಾರದೆಂದು ಗೊತ್ತಿದ್ದೂ ಎಳೆದಳು. ಅಂಚು ಒಳಕ್ಕೆ ಸರಿಯಿತು. ಬಿಚ್ಚಲೋ ಬೇಡವೋ ಎಂದು ಕೈ ಅಲ್ಲೇ ನಿಂತಿತು. ಹೊತ್ತು ಬೇವಿನ ತುದಿಗೆ ಬಂದಿತ್ತು. ಅಂಗಳದಲ್ಲಿ ಜನ ಎದ್ದು ಕೂತು ಮಾಡುತ್ತಿದ್ದರು. ಒಬ್ಬ ಸಲಗರೆಯಿಂದ ಹೊರಡುವ ಕೊನೆಯ ಬಸ್ಸಿನ ಹೊತ್ತು ಕೇಳಿದ. ಇನ್ನೊಬ್ಬ, “ಕೃಷ್ಣವ್ವ ತಾನ ಎದ್ದು ಮುಗಿಸಿ ಮಲಗತಾಳ ನೋಡು,” ಎಂದ.

ಆಗ ಹೀರಾಬಾಯಿ ಒಳಗಿನಿಂದ ಬಂದಳು. ಅಕ್ಕನಿಗೆ ಉಡಿಸಲು ಹೊಸ ಸೀರೆ ತೆಗೆಯಹೋದವಳ ಕೈಯಲ್ಲಿ ಟ್ರಂಕಿನ ತಳದ ಹಳೆಯ ಕಂಬಳಿಯೊಂದಿತ್ತು. ಅವಳು ಅದನ್ನು ಮಗ್ಗದ ಮುಂದೆ ಹಾಸಿದಳು. ಒಂದು ತುದಿ ನಾಲ್ಕು ಮೊಳ, ಇನ್ನೊಂದು ಎರಡೂವರೆ; ನಡುವೆ ಸೋರೆಕಾಯಿಯ ಹಾಗೆ ಉಬ್ಬಿತ್ತು. ಮೂಲೆಯಲ್ಲಿ ಸಾಲಾಗಿ ಏಳು ಗಂಟು.

“ಇದು ಯಾರದರಿ, ಮಾವಶಿ?”

“ನಿನ್ನ ಅತ್ತೀದು. ಮೊದಲನೇದು. ಮಗ್ಗ ನೇಯತಿದ್ದ ನಿನ್ನ ಮಾವ ಜ್ಯೋತೆಪ್ಪನ ಬಲಗೈ ಲಕ್ವಾ ಹೊಡದು ಬಿದ್ದ ವರ್ಷ. ಹೆಂಗಸು ಮಗ್ಗಕ್ಕ ಕುಂತ್ರ ಹಟ್ಟ್ಯಾಗಿನ ಕುರಿ ಉಳಿಯಂಗಿಲ್ಲ ಅಂದ್ರು ಮಂದಿ. ಆದರೂ ಕುಂತಳು. ಅದ ಉಣ್ಣಿ ನೂಲನ್ನ ಏಳು ಸಲ ಬಿಚ್ಚ್ಯಾಳ. ಬಿಚ್ಚಿದ ಸಲಕ್ಕೊಂದು ಗಂಟು. ಎಂಟನೇ ಸಲಾನೂ ಡೊಂಕ ಆತು. ಡೊಂಕಿದ್ರೂ ಮುಗಿಸೇ ಎದ್ದಳು.”

ಅಂಗಳದಿಂದ ಕಾಡಪ್ಪ ಗಂಟಲು ಸರಿಪಡಿಸಿಕೊಂಡ. “ಇದನ್ನ ನೋಡಿ ಕುರಿ ನುಂಗಿದ ಹಾವು ಅಂತ ನಕ್ಕಾಂವ ನಾನ. ಮುಂದಿನ ಥಂಡ್ಯಾಗ ಆಕಿ ನೇಯ್ದದ್ದನ್ನ ತೊಗೊಂಡಾಂವನೂ ನಾನ. ಇವತ್ತಿಗೂ ಅದನ್ನ ಹೊಚಗೋತೇನಿ.”

ಮನಿಷಾ ಏಳು ಗಂಟುಗಳ ಮೇಲೆ ಬೆರಳಾಡಿಸಿದಳು. ಮಗ್ಗಕ್ಕೆ ತಿರುಗಿದಳು. ಡೊಂಕಾದದ್ದನ್ನು ಬಿಚ್ಚಲಿಲ್ಲ. ಲಾಳಿ ಒಗೆದಳು; ಬಿಟ್ಟಳು. ಒಗೆದಳು; ಬಿಟ್ಟಳು.

ಹೊತ್ತು ಟೊಂಗೆಗೆ ಇಳಿದಾಗ ನಾಲ್ಕು ಬೆರಳು ಬಾಕಿಯಿತ್ತು. ಅಮಿತ ಕುಡುಗೋಲು ಹಿಡಿದು ಬಾಗಿಲಿಗೆ ಬಂದ. ಕಾಡಪ್ಪ ತಲೆಯೆತ್ತಲಿಲ್ಲ.

“ಕಾಕಾ, ಹೊತ್ತು…”

“ನನ್ನ ಕಣ್ಣಿಗೆ ಇನ್ನೂ ಟೊಂಗಿ ಮ್ಯಾಲ ಐತಪಾ. ಮುದುಕನ ಕಣ್ಣು.”

ಅಮಿತ ಕುಡುಗೋಲನ್ನು ಗೋಡೆಗೆ ಒರಗಿಸಿದ. ಲಾಳಿ ಓಡಿತು, ಕೊನೆಯ ಎಳೆಯವರೆಗೂ.

*

ಮಗ್ಗದಿಂದ ಇಳಿಸಿದ ಹೊಸ ಕಂಬಳಿಯನ್ನು ಹೊದಿಸಿ ಕೃಷ್ಣವ್ವನನ್ನು ಮಣ್ಣಿಗಿಳಿಸಿದರು. ಮುಕ್ಕಾಲು ಪಾಲು ಅವಳು ನೇಯ್ದದ್ದು, ನೆಟ್ಟಗೆ. ಕಾಲ ಬಳಿಯ ಒಂದು ಮೊಳ ಸೊಸೆಯದು, ಡೊಂಕು.

ಮರಳಿ ಬಂದವರು ಹಳೆಯ ಕಂಬಳಿಯ ಸುತ್ತ ಕುಳಿತರು. ಹೀರಾಬಾಯಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಮಾತು ಮುಗಿದಾಗ ಕಾಡಪ್ಪ ಮೊಣಕಾಲಿಗೆ ಕೈಯೂರಿ ಎದ್ದ. ಉಳಿದವರೂ ಚಪ್ಪಲಿ ಹುಡುಕಿ ಒಬ್ಬೊಬ್ಬರಾಗಿ ಮನೆಗೆ ಹೊರಟರು. ದಿಲೀಪ ಮಗ್ಗದ ಕೋಣೆಯ ಬಾಗಿಲ ಕಡೆ ನೋಡದೆ ಅಮಿತನ ಭುಜ ತಟ್ಟಿ, “ಬೂತಿಗೆ ಬಸ್‌ಸ್ಟ್ಯಾಂಡ್ ಹತ್ರ ಒಂದು ಖೋಲಿ ಐತಿ ಅಂತಾರ, ನೋಡತೇನಿ,” ಎಂದು ಹೋದ.

ಅಂಗಳದಲ್ಲಿ ಕಂಬಳಿ ಉಳಿಯಿತು. ಮನಿಷಾ ಒಂದು ತುದಿ ಹಿಡಿದಳು. ಅಮಿತ ಇನ್ನೊಂದು ತುದಿ ಹಿಡಿದ. ಮಡಚಿದರು, ಮೂಲೆಗೆ ಮೂಲೆ ಕೂಡಲಿಲ್ಲ. ಬಿಚ್ಚಿ, ಜಾಡಿಸಿ, ಮತ್ತೆ ಮಡಚಿದರು.